ಯಾವುದಾದರೂ ಸರಿ ಎನ್ನುವವರ ಕೋಣೆ

ಬಕ್ರೀದ್ ಮರುದಿನ ಚನ್ನಗಿರಿಯ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಹೊನ್ನಾಳಿಯಿಂದ ಅಕ್ಕ ಮತ್ತು ಭಾವ, ನ್ಯಾಮತಿಯಿಂದ ತಮ್ಮನ ಸಂಸಾರ, ಜಗಳೂರಿನಿಂದ ತಂಗಿ ಮತ್ತು ಅವಳ ಗಂಡ ಬಂದಿದ್ದರು. ಊಟ ಮುಗಿದು ಎಲೆ-ಅಡಿಕೆಯ ತಟ್ಟೆ ಸುತ್ತು ಬರುತ್ತಿರುವಾಗ ತಮ್ಮ ಒಂದು ಮಾತು ತೆಗೆದ. ಮುಂಬೈಯಿಂದ ಹೊರಟು ಗೋವಾ, ಲಕ್ಷದ್ವೀಪದ ಕಡೆ ಹೋಗಿಬರುವ ವಿಹಾರದ ಹಡಗುಗಳಿವೆಯಂತೆ. ಅಮ್ಮ ಇದುವರೆಗೆ ಸಮುದ್ರ ನೋಡಿಲ್ಲ. ಮಳೆಗಾಲ ಕಳೆದ ಮೇಲೆ ಎಲ್ಲರೂ ಸೇರಿ ಒಮ್ಮೆ ಹೋಗಿಬರೋಣ ಎಂದ. 'ನಮ್ಮ ನಾಲ್ಕು ಊರಿಗೂ ರೈಲೇ ಇಲ್ಲ, ಇವನು ನೇರ ಹಡಗಿಗೇ ಹತ್ತಿಸ್ತಾನೆ' ಎಂದು ಭಾವ ನಕ್ಕರು. ಆದರೂ ಆ ಮಾತು ಎಲ್ಲರಿಗೂ ಹಿಡಿಸಿತು.

ದಾವಣಗೆರೆಯ ಟ್ರಾವೆಲ್ಸ್‌ನವರು ಎರಡು ದರ ಹೇಳಿದ್ದರು. ಹಡಗಿನ ನಕ್ಷೆ ನೋಡಿ ಇಂಥದೇ ನಂಬರಿನ ಕೋಣೆ ಬೇಕು ಎಂದು ಆರಿಸಿಕೊಂಡರೆ ಒಂದು ದರ. ಯಾವ ವರ್ಗದ ಕೋಣೆ ಎಂದಷ್ಟೇ ಹೇಳಿ, ನಂಬರನ್ನು ಕಂಪನಿಯವರಿಗೇ ಬಿಟ್ಟರೆ ಅದಕ್ಕಿಂತ ಕಡಿಮೆ ದರ. ಹಣ ಕೊಟ್ಟ ವರ್ಗಕ್ಕಿಂತ ಕೆಳಗಿನದು ಸಿಗುವುದಿಲ್ಲ ಎಂಬ ಖಾತ್ರಿ ಇರುತ್ತದೆ. ಅದೃಷ್ಟವಿದ್ದರೆ ಮೇಲಿನದೇ ಸಿಗಬಹುದು. ಆದರೆ ಎಲ್ಲಿ ಸಿಗುತ್ತದೆ ಎಂಬುದು ಹಡಗು ಹೊರಡುವ ಕೆಲವು ದಿನ ಮೊದಲಷ್ಟೇ, ಕೆಲವೊಮ್ಮೆ ಹತ್ತುವ ದಿನವೇ ತಿಳಿಯುತ್ತದೆ. ಇಂಜಿನ್ನಿನ ಸದ್ದು ಕೇಳುವ ಕಡೆ ಇರಬಹುದು. ಕುಣಿತದ ಹಾಲ್‌ನ ಕೆಳಗೆ ಇರಬಹುದು. ಲಿಫ್ಟಿನಿಂದ ಬಹಳ ದೂರ, ಉದ್ದನೆಯ ಓಣಿಯ ಕೊನೆಯಲ್ಲಿ ಇರಬಹುದು. ಹಡಗಿನ ನಡುಭಾಗದಲ್ಲಿ ತೊಯ್ದಾಟ ಕಡಿಮೆ, ಮುಂತುದಿಯಲ್ಲಿ ಮತ್ತು ಹಿಂತುದಿಯಲ್ಲಿ ಹೆಚ್ಚು. ಒಂದೇ ಮನೆಯವರ ಕೋಣೆಗಳು ಬೇರೆ ಬೇರೆ ಅಂತಸ್ತಿಗೆ ಹಂಚಿಹೋಗಬಹುದು. ಸಿಕ್ಕಿದ ಮೇಲೆ ಬದಲಿಸಿಕೊಡಿ ಎಂದು ಕೇಳುವ ಹಕ್ಕು ಸಾಮಾನ್ಯವಾಗಿ ಇರುವುದಿಲ್ಲ.

ಕಂಪನಿಯ ಲೆಕ್ಕ ಸರಳ. ಯಾರೂ ಬಯಸಿ ಆರಿಸದ ಕೋಣೆಗಳು ಖಾಲಿ ಹೋದರೆ ನಷ್ಟ. ಎಲ್ಲಿ ಬೇಕಾದರೂ ಹೋಗುತ್ತೇವೆ ಎನ್ನುವ ಜನ ಕೈಯಲ್ಲಿದ್ದರೆ ಖಾಲಿ ಉಳಿದಲ್ಲಿಗೆಲ್ಲ ಅವರನ್ನು ತುಂಬಬಹುದು. ಆ ಅನುಕೂಲಕ್ಕೆ ಕಂಪನಿ ಕೊಡುವ ಬೆಲೆಯೇ ನಮಗೆ ಸಿಗುವ ರಿಯಾಯಿತಿ. ಇದರಲ್ಲಿ ಮೋಸವೇನೂ ಇಲ್ಲ.

ತಮ್ಮ ಕಡಿಮೆ ದರದ ಪರ ಇದ್ದ. ಉಳಿಯುವ ಹಣದಲ್ಲಿ ದಾವಣಗೆರೆಯಿಂದ ಮುಂಬೈಗೆ ಎಲ್ಲರ ರೈಲು ಚಾರ್ಜು ಹುಟ್ಟುತ್ತದೆ ಎಂದ. ಆಮೇಲೆ, 'ಅಲ್ಲಾಹ್ ಯಾವ ಕೋಣೆ ಬರೆದಿದ್ದಾನೋ ಅದು ಸಿಗುತ್ತೆ. ತವಕ್ಕುಲ್ ಅಂದ್ರೆ ಇದೇ ಅಲ್ವಾ ಅಣ್ಣ?' ಎಂದು ನನ್ನ ಕಡೆ ನೋಡಿದ. ಜಗಳೂರಿನ ತಂಗಿಯ ಗಂಡ ಸಣ್ಣಗೆ ನಕ್ಕು, 'ನಂಬರಿಲ್ಲದ ಟಿಕೆಟ್ ನಮಗೆ ಹೊಸದಲ್ಲ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ನಮ್ಮ ತಾಲೂಕಿನ ಹೆಸರಿದೆ. ನೀರು ಯಾವತ್ತು ಅಂತ ಮಾತ್ರ ಬರೆದಿಲ್ಲ' ಎಂದರು. ಎಲ್ಲರೂ ನಕ್ಕರು. ನಾನು ಅಮ್ಮನನ್ನು ಕೇಳಿದೆ. ಅವರು ಅಡಿಕೆ ಕತ್ತರಿಸುತ್ತಲೇ, 'ನನಗೆ ಯಾವುದಾದರೂ ಸರಿಯಪ್ಪ' ಎಂದರು.

ಅಮ್ಮನಿಗೆ ಮಂಡಿನೋವು. ಬಚ್ಚಲಿಗೆ ಹೋಗುವಾಗಲೂ ಗೋಡೆ ಹಿಡಿಯುತ್ತಾರೆ. ನಮಾಜನ್ನು ಕುರ್ಚಿಯ ಮೇಲೆ ಕುಳಿತೇ ಮಾಡುತ್ತಾರೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹಡಗಿನ ಕೋಣೆಯಂಥ ಸಣ್ಣ ಸಂಗತಿಗೆ ಇಷ್ಟು ಯೋಚನೆ ಏಕೆ ಎಂದು ಓದುಗರಿಗೆ ಅನ್ನಿಸಬಹುದು. ತಮ್ಮನ ಆ ಒಂದು ಶಬ್ದ ಮತ್ತು ಅಮ್ಮನ ಆ ಒಂದು ಮಾತು ನನ್ನನ್ನು ಬಿಡಲಿಲ್ಲ.

ಮೊದಲು ವ್ಯಾಪಾರದ ವಿಚಾರ ನೋಡೋಣ. ಏನು ಸಿಗುತ್ತದೆಂದು ತಿಳಿಯದೆ ಹಣ ಕೊಡುವ ವ್ಯವಹಾರವನ್ನು ಫಿಕ್ಹ್‌ನಲ್ಲಿ 'ಗರರ್' ಎನ್ನುತ್ತಾರೆ. ಪ್ರವಾದಿಯವರು (ಸ) ಇಂಥ ಮಾರಾಟವನ್ನು ತಡೆದರೆಂದು ಹದೀಸ್ ಇದೆ. ನೀರಿನೊಳಗಿನ ಮೀನು, ಆಕಾಶದಲ್ಲಿರುವ ಹಕ್ಕಿ ಇವುಗಳ ಮಾರಾಟವನ್ನು ಪಂಡಿತರು ಉದಾಹರಣೆಯಾಗಿ ಕೊಡುತ್ತಾರೆ. ಹಾಗೆಂದು ಕಣ್ಣೆದುರಿಗೆ ಇಲ್ಲದ್ದನ್ನೆಲ್ಲ ಮಾರಬಾರದು ಎಂದಿಲ್ಲ. ಮದೀನಾದ ಜನ ವರ್ಷ, ಎರಡು ವರ್ಷ ಮೊದಲೇ ಹಣ ಕೊಟ್ಟು ಹಣ್ಣಿನ ಫಸಲು ಕೊಳ್ಳುತ್ತಿದ್ದರು. ಪ್ರವಾದಿಯವರು ಅದನ್ನು ನಿಲ್ಲಿಸಲಿಲ್ಲ. ಅಳತೆ, ತೂಕ, ಅವಧಿ ಮೂರೂ ಗೊತ್ತಿರಬೇಕು ಎಂದರು. 'ಸಲಮ್' ಎಂದು ಕರೆಯುವ ಈ ಒಪ್ಪಂದದಲ್ಲಿ ಇಂಥದೇ ಮರದ ಹಣ್ಣು ಎಂದು ಹೇಳಬೇಕಿಲ್ಲ, ಇಂಥ ಗುಣಮಟ್ಟದ್ದು ಎಂದು ಹೇಳಿದರೆ ಸಾಕು. ನಂಬರಿಲ್ಲದ ಕೋಣೆಯ ಟಿಕೆಟ್ಟೂ ಹೆಚ್ಚು ಕಡಿಮೆ ಹೀಗೆಯೇ. ವರ್ಗ ಗೊತ್ತು, ದಿನ ಗೊತ್ತು, ಎಷ್ಟು ರಾತ್ರಿ ಎಂದು ಗೊತ್ತು. ಯಾವ ಬಾಗಿಲು ಎಂಬುದಷ್ಟೇ ಗೊತ್ತಿಲ್ಲ. ನಾನು ಆಲಿಮ್ ಅಲ್ಲ, ಫತ್ವಾ ಕೊಡುವ ಅಧಿಕಾರವೂ ನನಗಿಲ್ಲ. ಆದರೆ ಇದನ್ನು ಜೂಜು ಎನ್ನಲು ನನ್ನ ಮನಸ್ಸು ಒಪ್ಪಲಿಲ್ಲ.

ಆದರೂ ಒಂದು ಕೊರತೆ ಇದೆ. ನಮ್ಮ ಕಡೆ ಹೆಚ್ಚಿನವರು ಅನುಸರಿಸುವ ಹನಫಿ ಪಂಥದಲ್ಲಿ 'ಖಿಯಾರೆ ರುಯತ್' ಎಂಬ ಹಕ್ಕಿದೆ. ನೋಡದೆ ಕೊಂಡವನಿಗೆ, ನೋಡಿದ ಮೇಲೆ ಬೇಡ ಎನ್ನುವ ಅವಕಾಶ ಅದು. ಬಾಡಿಗೆಗೆ ಪಡೆದದ್ದಕ್ಕೂ ಅದು ಅನ್ವಯಿಸುತ್ತದೆ. ಹಡಗಿನ ಟಿಕೆಟ್ಟಿನಲ್ಲಿ ಈ ಹಕ್ಕನ್ನು ನಾವು ಮೊದಲೇ ಬಿಟ್ಟುಕೊಟ್ಟಿರುತ್ತೇವೆ. ಕಡಿಮೆ ದರದಲ್ಲಿ ನಾವು ಮಾರುವುದು ಈ ಹಕ್ಕನ್ನೇ. ತನ್ನ ಹಕ್ಕನ್ನು ತಿಳಿದು ಒಬ್ಬ ಮಾರಿಕೊಂಡರೆ ಅದು ಅವನಿಷ್ಟ. ಹಾಗಾದರೆ ಅಮ್ಮನ ಹಕ್ಕನ್ನು ಮಾರುತ್ತಿರುವವರು ಯಾರು?

ಇಲ್ಲಿ ನಮ್ಮ ತಾಲೂಕಿನದೇ ಒಂದು ಕಟ್ಟಡ ನೆನಪಾಗುತ್ತದೆ. ಸಂತೆಬೆನ್ನೂರಿನ ಪುಷ್ಕರಣಿಯ ಪಕ್ಕದಲ್ಲಿ ಕಲ್ಲಿನ ಕಮಾನುಗಳ ಮುಸಾಫಿರ್‌ಖಾನಾ ಇದೆ. ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಹೆಸರಿನೊಂದಿಗೆ ಅದನ್ನು ಜನ ಸೇರಿಸಿ ಹೇಳುತ್ತಾರೆ. ಅಂಥ ಛತ್ರಕ್ಕೆ ಬಂದ ದಾರಿಹೋಕ ತನಗೆ ಇಂಥದೇ ಮೂಲೆ ಬೇಕು ಎಂದು ಹಟ ಮಾಡಲಾರ, ಏಕೆಂದರೆ ಅದು ದಾನವಾಗಿ ಸಿಕ್ಕ ನೆರಳು. ಕೊಡುಗೆಯಲ್ಲಿ ಅನಿಶ್ಚಿತತೆ ಇದ್ದರೆ ತೊಂದರೆಯಿಲ್ಲ, ಕೊಟ್ಟು ಕೊಳ್ಳುವುದರಲ್ಲಿ ಇದ್ದರೆ ತೊಂದರೆ ಎಂದು ಮಾಲಿಕಿ ಪಂಥದ ಪಂಡಿತರು ಈ ಎರಡನ್ನೂ ಬೇರ್ಪಡಿಸಿದ್ದಾರೆ. ಛತ್ರದಲ್ಲಿ ಸಿಕ್ಕ ಮೂಲೆಗೆ ನಾವು ಶುಕ್ರ್ ಹೇಳುತ್ತೇವೆ. ಹಣ ಕೊಟ್ಟು ಪಡೆದ ಕೋಣೆಗೂ ಅದೇ ಭಾಷೆ ಬಳಸಿದರೆ ವ್ಯಾಪಾರಕ್ಕೆ ಭಕ್ತಿಯ ಬಣ್ಣ ಬಳಿದಂತೆ ಆಗುತ್ತದೆ.

ಹಾಗೆ ನೋಡಿದರೆ ನಮ್ಮ ಮನೆತನಕ್ಕೆ ಇದು ಮೊದಲ ಹಡಗು ಪ್ರಯಾಣವೂ ಅಲ್ಲ. ಬಯಲುಸೀಮೆಯ ಮುಸ್ಲಿಮರ ಪಾಲಿಗೆ ಸಮುದ್ರವೆಂದರೆ ಹಜ್ ಎಂದೇ ಇದ್ದ ಕಾಲವೊಂದಿತ್ತು. ಬೊಂಬಾಯಿಗೆ ಹೋಗಿ, ಸಾಬೂ ಸಿದ್ದೀಕ್ ಮುಸಾಫಿರ್‌ಖಾನಾದಂಥ ಕಡೆ ಕಾದು, ಮೊಘಲ್ ಲೈನ್ ಕಂಪನಿಯ ಹಡಗು ಹತ್ತಿ ಜಿದ್ದಾಕ್ಕೆ ಹೋಗುತ್ತಿದ್ದರು. ಆ ಕಂಪನಿ 1986ರಲ್ಲಿ ಭಾರತೀಯ ಹಡಗು ನಿಗಮದೊಂದಿಗೆ ವಿಲೀನವಾಯಿತು. ಹಜ್‌ನ ಹಡಗು ಯಾನ 1995ರಲ್ಲಿ ನಿಂತಿತು. ಹಣವಿದ್ದವರಿಗೆ ಕ್ಯಾಬಿನ್, ಉಳಿದವರಿಗೆ ಡೆಕ್. ನಮ್ಮ ಅಜ್ಜ ಡೆಕ್ಕಿನಲ್ಲಿ ಹೋದವರು. ಡೆಕ್ಕಿನಲ್ಲಿ ಹೆಸರು ಬರೆದ ಜಾಗ ಇರಲಿಲ್ಲ, ಹಾಸಿಗೆ ಸುರುಳಿ ಬಿಚ್ಚಿದ್ದೇ ಜಾಗ. ಮೊದಲ ದಿನ ಗಾಳಿ ಬರುವ ಕಡೆಯನ್ನೆಲ್ಲ ಗಟ್ಟಿಮುಟ್ಟಾದವರು ಹಿಡಿದುಬಿಟ್ಟಿದ್ದರಂತೆ. ಎರಡನೆಯ ದಿನ ಒಬ್ಬ ಮುದುಕರಿಗೆ ವಾಂತಿ ಹಿಡಿದಾಗ ಒಬ್ಬ ಎದ್ದು ತನ್ನ ಜಾಗ ಕೊಟ್ಟ. ಅವನನ್ನು ನೋಡಿ ಇನ್ನೊಬ್ಬ ಎದ್ದ. ಜಿದ್ದಾ ಬರುವಷ್ಟರಲ್ಲಿ ಗಾಳಿಯ ಕಡೆ ಮುದುಕರು, ಒಳಗಡೆ ಹುಡುಗರು ಆಗಿದ್ದರು ಎಂದು ಅಜ್ಜ ಹೇಳುತ್ತಿದ್ದರು. ಆ ಕತೆಯನ್ನು ಅವರು ಹೇಳುವಾಗಲೆಲ್ಲ ಕೊನೆಗೆ ಒಂದು ಮಾತು ಸೇರಿಸುವರು: 'ನಾನು ಮೂರನೆಯವನು, ಮೊದಲನೆಯವನಲ್ಲ.'

ಹಡಗು ಮತ್ತು ಜಾಗದ ಹಂಚಿಕೆಯ ಬಗ್ಗೆ ನಮ್ಮಲ್ಲಿ ಇನ್ನೂ ಹಳೆಯ ಮಾತುಗಳಿವೆ. ತುಂಬಿದ ಹಡಗಿನಲ್ಲಿ ಚೀಟಿ ಎತ್ತಿದಾಗ ಅದು ಯೂನುಸ್ ಪ್ರವಾದಿಯವರ ಪಾಲಿಗೆ ಬಂದದ್ದನ್ನು ಕುರ್‌ಆನ್ ಹೇಳುತ್ತದೆ. ಬುಖಾರಿಯಲ್ಲಿ ಬರುವ ಒಂದು ಹದೀಸ್ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಜನ ಚೀಟಿ ಎತ್ತಿ ಹಡಗಿನಲ್ಲಿ ಜಾಗ ಹಂಚಿಕೊಳ್ಳುತ್ತಾರೆ. ಕೆಲವರಿಗೆ ಮೇಲಂತಸ್ತು, ಕೆಲವರಿಗೆ ಕೆಳಂತಸ್ತು ಬರುತ್ತದೆ. ಕೆಳಗಿನವರು ನೀರಿಗಾಗಿ ಮೇಲಿನವರನ್ನು ದಾಟಿ ಹೋಗಬೇಕು. ಇವರಿಗೆ ತೊಂದರೆ ಕೊಡುವುದೇಕೆ, ನಮ್ಮ ಪಾಲಿನ ಜಾಗದಲ್ಲೇ ಒಂದು ತೂತು ಕೊರೆದುಕೊಳ್ಳೋಣ ಎಂದು ಅವರು ಯೋಚಿಸುತ್ತಾರೆ. ಮೇಲಿನವರು ಸುಮ್ಮನಿದ್ದರೆ ಎಲ್ಲರೂ ಮುಳುಗುತ್ತಾರೆ, ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ. ಕೆಡುಕನ್ನು ತಡೆಯಬೇಕು ಎಂಬ ಪಾಠಕ್ಕಾಗಿ ಖುತ್ಬಾಗಳಲ್ಲಿ ಇದನ್ನು ಹೇಳುವುದನ್ನು ಕೇಳಿದ್ದೇನೆ. ಆ ರಾತ್ರಿ ನನಗೆ ಅದರ ಆರಂಭವೇ ಮುಖ್ಯವಾಗಿ ಕಂಡಿತು. ಅಲ್ಲಿ ಎಲ್ಲರೂ ಚೀಟಿ ಎತ್ತಿದರು. ಮೇಲೆ ಹೋದವನು ಹೆಚ್ಚು ಹಣ ಕೊಟ್ಟು ಚೀಟಿಯಿಂದ ತಪ್ಪಿಸಿಕೊಂಡವನಲ್ಲ. ಚೀಟಿ ನ್ಯಾಯವಾಗುವುದು ಎಲ್ಲರ ಹೆಸರೂ ಅದರಲ್ಲಿದ್ದಾಗ. ಇಂದಿನ ವಿಹಾರದ ಹಡಗಿನಲ್ಲಿ ಚೀಟಿಯ ಡಬ್ಬಿಗೆ ಬೀಳುವುದು ಕಡಿಮೆ ಹಣ ಕೊಟ್ಟವರ ಹೆಸರು ಮಾತ್ರ. ಅದರಲ್ಲಿ ಬಂದದ್ದನ್ನು ವಿಧಿ ಎನ್ನುವ ಮೊದಲು ಅದು ದರಪಟ್ಟಿಯ ಫಲ ಎಂದು ಒಪ್ಪಿಕೊಳ್ಳಬೇಕು.

ಎಲ್ಲರೂ ಚೀಟಿ ಎತ್ತುವ ಕಡೆಯೂ ವಿವೇಕಕ್ಕೆ ಜಾಗವಿದೆ. ಅರ್ಜಿಗಳು ಕೋಟಾ ಮೀರಿದಾಗ ಹಜ್ ಸಮಿತಿ ಖುರ್‌ಅ, ಅಂದರೆ ಚೀಟಿ ಎತ್ತುತ್ತದೆ. ಆದರೆ ಬಹಳ ವಯಸ್ಸಾದವರಿಗೆ ಖುರ್‌ಅ ಇಲ್ಲದೆ ಅವಕಾಶ ಮೀಸಲಿಡುವ ಪದ್ಧತಿಯನ್ನೂ ಅದು ತಂದಿತು. ರೈಲಿನಲ್ಲಿ ಬರ್ತ್ ಹಂಚುವ ಕಂಪ್ಯೂಟರಿಗೂ, ಇದ್ದರೆ ಕೆಳಗಿನ ಬರ್ತನ್ನು ಹಿರಿಯರಿಗೆ ಕೊಡು ಎಂದು ಹೇಳಿಕೊಟ್ಟಿದ್ದಾರೆ. ಹಂಚುವವನು ಯಾರಿಗೆ ಹಂಚುತ್ತಿದ್ದೇನೆ ಎಂದು ಒಮ್ಮೆ ನೋಡಬೇಕು ಎಂಬ ತಿಳಿವಳಿಕೆ ಇದರ ಹಿಂದಿದೆ.

ಹೊನ್ನಾಳಿಯ ಭಾವ ಹೇಳುವ ಹರಿಗೋಲಿನ ಮಾತು ಇದಕ್ಕೆ ಸರಿಯಾಗಿ ಹೊಂದುತ್ತದೆ. ಅವರು ಚಿಕ್ಕವರಿದ್ದಾಗ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟುತ್ತಿದ್ದರಂತೆ. ಎಲ್ಲಿ ಕೂರುತ್ತೀರಿ ಎಂದು ಅಂಬಿಗ ಯಾರನ್ನೂ ಕೇಳುತ್ತಿರಲಿಲ್ಲ. ಬಂದವರನ್ನು ಒಮ್ಮೆ ನೋಡುವನು. 'ನೀವು ನಡುವೆ ಕೂಡ್ರಿ, ಕೂಸಿನ ತಾಯಿ ಈ ಕಡೆ, ಏ ಹುಡುಗಾ ನೀನು ಅಂಚಿಗೆ' ಎನ್ನುವನು. ಯಾರಿಗೂ ಆಯ್ಕೆ ಇರಲಿಲ್ಲ, ಯಾರಿಗೂ ಬೇಸರವೂ ಇರಲಿಲ್ಲ. ಅಂಬಿಗನಿಗೆ ಎಲ್ಲರ ತೂಕ, ವಯಸ್ಸು, ಹೆದರಿಕೆ ಎಲ್ಲ ಕಣ್ಣಳತೆಯಲ್ಲೇ ತಿಳಿಯುತ್ತಿತ್ತು. ಹರಿಗೋಲು ಮಗುಚಿದರೆ ಅವನೂ ಮುಳುಗುವವನೇ ಆಗಿದ್ದ.

ಇದನ್ನು ಯೋಚಿಸುವಾಗ ತಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿತು. ನಮ್ಮನ್ನು ನೋಡುವವನಿಗೆ, ನಮ್ಮ ಮಂಡಿ ನೋವನ್ನೂ ಹೇಳದ ಆಸೆಯನ್ನೂ ಬಲ್ಲವನಿಗೆ ನಮ್ಮನ್ನು ಒಪ್ಪಿಸುವುದು ತವಕ್ಕುಲ್. ಅದು ಅಲ್ಲಾಹನಿಗೆ ಸಲ್ಲುವಂಥದ್ದು. ಹಡಗಿನ ಕಂಪನಿಯ ಕಂಪ್ಯೂಟರ್ ನೋಡುವುದು ಖಾಲಿ ಕೋಣೆಗಳನ್ನು. ಅದಕ್ಕೆ ಒಪ್ಪಿಸುವುದು ಒಂದು ವ್ಯವಹಾರ, ಅಷ್ಟೇ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಭರವಸೆಯಿಡು ಎಂಬ ಹದೀಸನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಹಗ್ಗದ ಹಣ ಉಳಿಸಿದ್ದನ್ನೇ ಭರವಸೆ ಎಂದು ಕರೆಯುವುದನ್ನು ಯಾರೂ ಕಲಿಸಿಲ್ಲ.

ತಮ್ಮನ ಮಾತಿನಲ್ಲೂ ಸತ್ಯವಿಲ್ಲದಿಲ್ಲ. ದುಂದು ಮಾಡಬೇಡಿ, ಜಿಪುಣತನವೂ ಬೇಡ, ನಡುವೆ ಇರಿ ಎಂದು ಕುರ್‌ಆನ್ ಹೇಳುತ್ತದೆ. ಮಲಗಲು ಒಂದು ಮಂಚ ಸಾಕು ಎನ್ನುವವನು ಬಾಲ್ಕನಿಗೆ ಹಣ ಸುರಿಯಬೇಕಿಲ್ಲ. ಆಯ್ಕೆ ಹೆಚ್ಚಾದಷ್ಟೂ ನೆಮ್ಮದಿ ಹೆಚ್ಚುವುದಿಲ್ಲ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಬ್ಯಾರಿ ಶ್ವಾರ್ಟ್ಜ್ 2004ರಲ್ಲಿ ಒಂದು ಪುಸ್ತಕವನ್ನೇ ಬರೆದರು. ನಕ್ಷೆ ಹರಡಿಕೊಂಡು ನೂರು ಕೋಣೆ ಹೋಲಿಸಿದವನು ಹಡಗಿನಲ್ಲೂ ಪಕ್ಕದ ಕೋಣೆಯನ್ನೇ ನೋಡುತ್ತಿರುತ್ತಾನೆ. ಬಂದದ್ದು ಬರಲಿ ಎಂದವನು ಹಾಯಾಗಿ ನಿದ್ದೆ ಮಾಡುತ್ತಾನೆ. ಈ ನಿರಾಳ ದೊಡ್ಡ ಗುಣ. ಕನಾಅತ್ ಎಂದು ಹಿರಿಯರು ಅದನ್ನು ಹೊಗಳಿದ್ದಾರೆ. ಆದರೆ ಕನಾಅತ್ ನಮ್ಮ ಪಾಲಿನ ಮೇಲೆ ಮಾತ್ರ ನಡೆಸಬಹುದಾದ ಸಾಧನೆ. ನನ್ನ ತಟ್ಟೆಯ ಅನ್ನ ಕಡಿಮೆಯಾದಾಗ ಸುಮ್ಮನಿದ್ದರೆ ಅದು ಸಬ್ರ್. ಪಕ್ಕದವನ ತಟ್ಟೆಯಲ್ಲಿ ಕಡಿಮೆಯಾದಾಗಲೂ ಸುಮ್ಮನಿದ್ದರೆ ಅದಕ್ಕೆ ಬೇರೆ ಹೆಸರಿದೆ.

ಜಗಳೂರಿನ ಭಾವನ ಮಾತಿಗೆ ನಾವು ನಕ್ಕಿದ್ದು ಈಗ ಚುಚ್ಚುತ್ತದೆ. ಭದ್ರಾ ನಾಲೆಯ ನೀರು ನಮ್ಮ ತಾಲೂಕಿನ ಅಡಿಕೆ ತೋಟಗಳನ್ನು ದಾಟಿ ಮುಂದೆ ಹೋಗಬೇಕು. ಕೊನೆಭಾಗದ ರೈತರಿಗೆ ನೀರು ಮುಟ್ಟದೆ ದಾವಣಗೆರೆಯ ಕಡೆ ಹೋರಾಟ ನಡೆಯುವುದು, ನಾಲೆಯುದ್ದಕ್ಕೂ ಹಾಕಿದ ಅಕ್ರಮ ಪಂಪ್‌ಸೆಟ್‌ಗಳನ್ನು ತೆಗೆಸಲು ಅಧಿಕಾರಿಗಳು ಬರುವುದು ನಾವು ನೋಡುತ್ತ ಬಂದ ಸಂಗತಿ. ಹದೀಸಿನ ಹಡಗಿನಲ್ಲಿ ತೂತು ಕೊರೆಯಲು ಹೊರಟವರು ಕೆಳಗಿನವರು. ನಮ್ಮ ನಾಲೆಯಲ್ಲಿ ಮೇಲಿನವರೇ ಕೊರೆಯುತ್ತೇವೆ. ಜಗಳೂರಿಗೆ ಆ ನಾಲೆಯೂ ಇಲ್ಲ. ಭದ್ರಾ ಮೇಲ್ದಂಡೆಗೆ 5,300 ಕೋಟಿ ರೂಪಾಯಿ ನೆರವನ್ನು 2023ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿದಾಗ ತಂಗಿ ಫೋನ್ ಮಾಡಿ ಸಂಭ್ರಮಪಟ್ಟಿದ್ದಳು. ಅವಧಿ ಗೊತ್ತಿರಬೇಕು ಎಂಬ ಮದೀನಾದ ಷರತ್ತು ಅವಳ ಪಾಲಿನ ನೀರಿಗೂ ಬೇಕಲ್ಲವೇ? ಅಲ್ಲಿಯ ಜನ ತಾಳ್ಮೆಯವರು ಎಂದು ಸಭೆಗಳಲ್ಲಿ ಹೊಗಳುವುದನ್ನು ಕೇಳಿದ್ದೇನೆ. ನೀರಿದ್ದ ಊರಿನವರು ನೀರಿಲ್ಲದ ಊರಿನವರ ತಾಳ್ಮೆಯನ್ನು ಹೊಗಳುವುದು ಬಹಳ ಸುಲಭ.

ಅಮ್ಮನ 'ಯಾವುದಾದರೂ ಸರಿ' ಕೂಡ ಹೀಗೆ ನಮ್ಮ ಅನುಕೂಲಕ್ಕೆ ಒದಗಿ ಬಂದ ಮಾತು. ಮದುವೆಯ ಸೀರೆಯಿಂದ ಹಿಡಿದು ಮನೆ ಕಟ್ಟುವಾಗ ಅಡುಗೆಮನೆ ಯಾವ ಕಡೆ ಎಂಬವರೆಗೆ ಅವರು ಇದೇ ಮಾತು ಹೇಳಿದ್ದಾರೆ. ಕೋಳಿ ಬೇಯಿಸಿದ ದಿನ ರೆಕ್ಕೆ, ಕತ್ತು ತಮಗೆ ಇಷ್ಟ ಎಂದಿದ್ದಾರೆ. ನಾವು ಅದನ್ನು ನಂಬಿ ಬೆಳೆದೆವು. ಕೇಳಿದೆವಲ್ಲ, ಅವರೇ ಹೇಳಿದರಲ್ಲ ಎಂಬ ಸಮಾಧಾನ ನಮ್ಮ ಕಡೆ ಇತ್ತು. ಆಯ್ಕೆಯ ಅಭ್ಯಾಸವೇ ಇಲ್ಲದವರನ್ನು ಒಂದು ಸಲ ಕೇಳಿ, ಬಂದ ಉತ್ತರವನ್ನು ಒಪ್ಪಿಗೆ ಎಂದು ಬರೆದುಕೊಳ್ಳುವುದು ಎಷ್ಟು ಸರಿ? ಮನೆಯೊಳಗೆ ಹೆಂಗಸರ ಜೊತೆ ನಾವು ಮಾಡುವುದನ್ನೇ ಹೊರಗೆ ಬಡವರ ಜೊತೆ ಎಲ್ಲರೂ ಮಾಡುತ್ತಾರೆ. ಅವರಿಗೆ ಅಭ್ಯಾಸವಾಗಿದೆ, ಅವರು ಹೊಂದಿಕೊಳ್ಳುತ್ತಾರೆ ಎನ್ನುತ್ತಾರೆ. ಮುಸ್ಲಿಂ ಹೆಸರು ಹೇಳಿ ಬಾಡಿಗೆ ಮನೆ ಹುಡುಕಿದವರಿಗೆ ಸಿಕ್ಕ ಮನೆಯನ್ನು ಒಪ್ಪಿಕೊಳ್ಳುವ ಈ ಹೊಂದಾಣಿಕೆ ಏನೆಂದು ವಿವರಿಸಬೇಕಾಗಿಲ್ಲ.

ಬೆಳಗ್ಗೆ ಚಹಾದ ಹೊತ್ತಿಗೆ ಅಮ್ಮನ ಹತ್ತಿರ ಕುಳಿತು ಮತ್ತೆ ಕೇಳಿದೆ. 'ಹೇಳಿದೆನಲ್ಲ, ಯಾವುದಾದರೂ ಸರಿ' ಎಂದರು. ದರದ ಮಾತು ಬೇಡಮ್ಮ, ಎರಡೂ ಒಂದೇ ದರ ಎಂದುಕೋ, ಆಗ ಯಾವುದು ಬೇಕು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ತುಂಬಾ ನಡೆಸಬೇಡ. ಮಲಗಿದಲ್ಲಿಂದ ನೀರು ಕಾಣಬೇಕು. ಸಮುದ್ರ ನೋಡೋಕೆ ತಾನೇ ಹೋಗೋದು?' ಎಂದರು. ಬಾಗಿಲಲ್ಲಿ ನಿಂತಿದ್ದ ತಮ್ಮ ತಲೆ ತಗ್ಗಿಸಿದ. ಅವನು ಕೆಟ್ಟವನಲ್ಲ. ಅಮ್ಮನನ್ನು ಕರೆದುಕೊಂಡು ಹೋಗಬೇಕು ಎಂದು ಮೊದಲು ಹೇಳಿದವನೇ ಅವನು. ನಾವೆಲ್ಲ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತೇವೆ. ಕರೆದುಕೊಂಡು ಹೋಗುವುದೇ ದೊಡ್ಡ ಉಪಕಾರ, ಕೋಣೆಯ ಮಾತೇನು ಎನ್ನಿಸಿಬಿಡುತ್ತದೆ.

ಕೊನೆಗೆ ಹೀಗೆ ಮಾಡಿದೆವು. ಅಮ್ಮ ಮತ್ತು ಅಕ್ಕನಿಗೆ ಲಿಫ್ಟಿನ ಹತ್ತಿರ, ಹಡಗಿನ ನಡುಭಾಗದಲ್ಲಿ, ಕಿಟಕಿಯಿರುವ ಕೋಣೆಯನ್ನು ನಂಬರು ಹೇಳಿ ಹಿಡಿದೆವು. ಹೆಚ್ಚಿನ ಹಣವನ್ನು ಮೂರು ಮನೆಯವರು ಹಂಚಿಕೊಂಡೆವು. ಜಗಳೂರಿನವರನ್ನು ಬೇಡ ಎಂದಾಗ ತಂಗಿಯ ಗಂಡ ಮುನಿಸಿಕೊಂಡು ತಮ್ಮ ಪಾಲನ್ನೂ ಕಳಿಸಿದರು, ಅದೂ ನಮಗೆ ಒಂದು ಪಾಠವೇ ಆಯಿತು. ಅವರನ್ನು ಕೇಳದೆ ಅವರ ಬಡತನವನ್ನು ನಾವೇ ನಿರ್ಧರಿಸಿದ್ದೆವು. ಉಳಿದವರೆಲ್ಲ ಕಡಿಮೆ ದರದ, ಕಿಟಕಿಯಿಲ್ಲದ, ನಂಬರಿಲ್ಲದ ಕೋಣೆಗಳನ್ನೇ ತೆಗೆದುಕೊಂಡೆವು.

ಹಡಗು ಹೊರಡುವ ದಿನ ಇನ್ನೂ ದೂರವಿದೆ. ನಮ್ಮ ಕೋಣೆಯ ನಂಬರು ಬಂದಿಲ್ಲ. ಇಂಜಿನ್ನಿನ ಪಕ್ಕವೇ ಬಂದರೂ ಗೊಣಗುವುದಿಲ್ಲ ಎಂದು ತಮ್ಮನೂ ನಾನೂ ಮಾತಾಡಿಕೊಂಡಿದ್ದೇವೆ. ಅದು ನಾವು ತಿಳಿದು ಮಾಡಿದ ವ್ಯಾಪಾರ, ನಮ್ಮ ಪಾಲು. ಅಮ್ಮ ಮಾತ್ರ ಈಗ ದಿನಕ್ಕೊಮ್ಮೆ ಒಂದೊಂದು ಕೇಳುತ್ತಾರೆ. ಕಿಟಕಿ ತೆಗೆಯಲು ಬರುತ್ತದೆಯೇ? ಕುರ್ಚಿ ಇರುತ್ತದೆಯೇ? ಕಿಬ್ಲಾ ಯಾವ ಕಡೆ ಎಂದು ಅಲ್ಲಿ ಹೇಳುವವರು ಇರುತ್ತಾರೆಯೇ? ಇಷ್ಟು ವರ್ಷ ಅವರಲ್ಲಿ ಇಷ್ಟೊಂದು ಬೇಕುಗಳಿದ್ದದ್ದು ನಮಗೆ ಗೊತ್ತೇ ಇರಲಿಲ್ಲ.